ಚಿತ್ತಿ ಮಳೆ ಮತ್ತು ಸೋಯಾ ರಾಶಿ: 2020ರ ಅಕ್ಟೋಬರ್‌ನಲ್ಲಿ ಬೀದರ್‌ನ ಒಂದು ರೈತ ಗುಂಪಿನ ಪ್ರಕರಣ

ಹಿನ್ನೆಲೆ

2020ರ ಅಕ್ಟೋಬರ್ ಎರಡನೇ ವಾರ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವನ್ನು ಜನ ನೆನಪಿಟ್ಟುಕೊಂಡಿರುವುದು ಎರಡು ಕಾರಣಕ್ಕೆ. ಒಂದು, ಹೈದರಾಬಾದ್ ಮುಳುಗಿದ್ದು. ಇನ್ನೊಂದು, ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದ್ದು. ಅದೇ ಕುಸಿತ ಬೀದರ್ ಜಿಲ್ಲೆಗೆ ಬಂದಾಗ ಅಲ್ಲಿ ಸೋಯಾ ಕೊಯ್ಲು ನಡುಮಧ್ಯದಲ್ಲಿತ್ತು. ಅದರ ಬಗ್ಗೆ ಪೇಪರಿನಲ್ಲಿ ಬಂದದ್ದು ಕಡಿಮೆ. ಜಿಲ್ಲೆಯ ಉತ್ತರ ಭಾಗದ ಒಂದು ಊರಿನ ರೈತ ಗುಂಪು ಆ ಏಳೆಂಟು ದಿನಗಳಲ್ಲಿ ಏನು ತೀರ್ಮಾನ ಮಾಡಿತು, ಯಾಕೆ ಮಾಡಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಂಪಿನ ಸಭೆಗಳಲ್ಲಿ ನಾನು ಹೊರಗಿನವನಾಗಿ ಕೂತಿದ್ದೆ. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗದಿರಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಗುಂಪಿನಲ್ಲಿ ನಲವತ್ತರ ಆಸುಪಾಸು ಕುಟುಂಬಗಳು, ಎಲ್ಲ ಸೇರಿ ನೂರೈವತ್ತು ಎಕರೆಯಷ್ಟು ಸೋಯಾ. ಅರ್ಧ ಹೊಲ ಕಪ್ಪು ಎರೆ ಮಣ್ಣು, ಉಳಿದದ್ದು ಇಳಿಜಾರಿನ ಕೆಂಪು ಮಸಾರಿ ಮಣ್ಣು. ಆ ವರ್ಷ ಜೂನ್‌ನಲ್ಲಿ ಹಲವರ ಬೀಜ ಮೊಳಕೆ ಒಡೆಯದೆ ಮರುಬಿತ್ತನೆ ಆಗಿತ್ತು. ಹೀಗಾಗಿ ಸೆಪ್ಟೆಂಬರ್ ಮುಗಿಯುವಾಗ ಊರಿನಲ್ಲಿ ಒಂದೇ ಬೆಳೆ ಎರಡು ವಯಸ್ಸಿನಲ್ಲಿ ನಿಂತಿತ್ತು. ಮೊದಲ ಬಿತ್ತನೆಯ ಸೋಯಾ ಎಲೆ ಉದುರಿಸಿ ಕಂದು ಕಾಯಿ ತೋರಿಸುತ್ತಿದ್ದರೆ, ಮರುಬಿತ್ತನೆಯದು ಇನ್ನೂ ಹಳದಿ-ಹಸಿರು. ಈ ಸಣ್ಣ ಸಂಗತಿ ಮುಂದೆ ದೊಡ್ಡದಾಯಿತು.

ಸೆಪ್ಟೆಂಬರ್ ಪೂರ್ತಿ ಮಳೆ ಹೊಡೆದಿತ್ತು. ಹೊಲಕ್ಕೆ ಕಾಲಿಟ್ಟರೆ ಕೆಸರು, ಕೊಯ್ಯಲು ಬಂದದ್ದನ್ನೂ ಕೊಯ್ಯಲಾಗದ ಸ್ಥಿತಿ. ತಿಂಗಳ ಕೊನೆಗೆ ಬಿಸಿಲು ಬಿದ್ದಾಗ ಎಲ್ಲರಿಗೂ ಒಟ್ಟಿಗೇ ಅವಸರ ಹತ್ತಿತು. ಊರಿನಲ್ಲಿದ್ದದ್ದು ರಾಶಿ ಮಾಡುವ, ಅಂದರೆ ಕೊಯ್ದ ಗಿಡದಿಂದ ಕಾಳು ಬಿಡಿಸುವ, ಎರಡು ಮಷೀನ್. ಹೊರಗಿನಿಂದ ತರಿಸಿದ ಹಾರ್ವೆಸ್ಟರ್ ಮೊದಲ ಎರೆ ಹೊಲದಲ್ಲೇ ಗಾಲಿ ಹೂತು ನಿಂತು, ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆಸಿಕೊಂಡು ಹಿಂದಿರುಗಿತು.

ತಪ್ಪಿದ ಲೆಕ್ಕಗಳು

ಅಕ್ಟೋಬರ್ ಮೊದಲ ವಾರ ಊರಿನಲ್ಲಿ ಯಾರೂ ಮಳೆಯ ಮಾತಾಡುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಸೆಪ್ಟೆಂಬರ್ 28ರಂದು ಟಿವಿಯಲ್ಲಿ 'ಮುಂಗಾರು ವಾಪಸ್' ಎಂದು ಬಂತು. ಸುದ್ದಿ ಸುಳ್ಳಲ್ಲ. ಆದರೆ ಅಂದು ಮುಂಗಾರು ಕಾಲು ತೆಗೆದದ್ದು ಪಶ್ಚಿಮ ರಾಜಸ್ಥಾನದಿಂದ. ಅಲ್ಲಿಂದ ಹೊರಡುವ ವಾಡಿಕೆಯ ದಿನ ಸೆಪ್ಟೆಂಬರ್ 17, ಇಡೀ ದೇಶ ಬಿಡುವ ವಾಡಿಕೆಯ ದಿನ ಅಕ್ಟೋಬರ್ 15. ರಾಜಸ್ಥಾನದಲ್ಲೇ ಹನ್ನೊಂದು ದಿನ ತಡವಾದದ್ದು ಬೀದರ್‌ಗೆ ಬರುವಾಗ ಇನ್ನೂ ತಡವಾಗುತ್ತದೆ ಎಂದು ಯಾರೂ ಎಣಿಸಲಿಲ್ಲ. ಕೊನೆಗೆ ಆ ವರ್ಷ ಮುಂಗಾರು ದೇಶವನ್ನು ಪೂರ್ತಿ ಬಿಟ್ಟದ್ದು ಅಕ್ಟೋಬರ್ 28ಕ್ಕೆ.

ಎರಡನೇ ಲೆಕ್ಕ ಹಬ್ಬದ್ದು. ಈ ಕಡೆ ಸೋಯಾ ಬಂದ ಮೇಲೆ ಹುಟ್ಟಿದ ರೂಢಿ: ಮಹಾನವಮಿಯೊಳಗೆ ರಾಶಿ ಮುಗಿಸಿ ಮಾಲನ್ನು ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹಾಕಿ ಹಬ್ಬ ಮಾಡುವುದು. ಆ ವರ್ಷ ಅಧಿಕ ಆಶ್ವಯುಜ ಬಿತ್ತು, ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರವರೆಗೆ. ನವರಾತ್ರಿಯ ಘಟಸ್ಥಾಪನೆ 17ಕ್ಕೆ ಹೋಯಿತು, ದಸರಾ ತಿಂಗಳ ಕೊನೆಯ ವಾರಕ್ಕೆ. ಹಬ್ಬ ದೂರ ಇದೆ ಎಂದಮೇಲೆ ರಾಶಿಗೂ ಟೈಮಿದೆ ಎಂದು ಜನ ತಮಗೆ ಗೊತ್ತಿಲ್ಲದೆಯೇ ಸಡಿಲಾದರು. ಅಧಿಕ ಮಾಸ ಎಂದರೆ ಈ ಭಾಗದಲ್ಲಿ ಅಳಿಯಂದಿರನ್ನು ಕರೆದು ಹೋಳಿಗೆ ಊಟ ಹಾಕುವ ತಿಂಗಳು ಕೂಡ. ಕೊರೊನಾ ಹೆದರಿಕೆಯಲ್ಲೂ ಓಡಾಟ ನಿಂತಿರಲಿಲ್ಲ. ಕೊಯ್ಯುವ ಕೈಗಳು ಅಷ್ಟರಮಟ್ಟಿಗೆ ಕಡಿಮೆ.

ಮೂರನೆಯದು ಮೊಬೈಲ್. ಹುಡುಗರ ಫೋನಿನಲ್ಲಿದ್ದ ಆ್ಯಪ್ ಹತ್ತು ದಿನಕ್ಕೆ ಹತ್ತು ಚಿತ್ರ ತೋರಿಸುತ್ತದೆ: ಸೂರ್ಯ, ಮೋಡ, ಹನಿ. ಹತ್ತನೇ ದಿನದ ಸೂರ್ಯನಿಗೂ ನಾಳೆಯ ಸೂರ್ಯನಿಗೂ ಅದರಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ಎರಡರ ಮೇಲಿಡಬಹುದಾದ ನಂಬಿಕೆ ಬೇರೆ ಬೇರೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಕೊಡುವ ವಿಸ್ತೃತ ಮುನ್ನೋಟ ಇದಕ್ಕಿಂತ ಪ್ರಾಮಾಣಿಕ. ಅದು ದಿನ ಹೇಳುವುದಿಲ್ಲ. ಈ ವಾರ ವಾಡಿಕೆಗಿಂತ ಹೆಚ್ಚು ಅಥವಾ ಕಡಿಮೆ, ಕೊಲ್ಲಿಯಲ್ಲಿ ಏನಾದರೂ ಎದ್ದೀತೇ ಎಂದಷ್ಟೇ ಹೇಳುತ್ತದೆ. ಊರಲ್ಲಿ ಅದನ್ನು ನೋಡುತ್ತಿದ್ದವರು ಗುಂಪಿನ ಕಾರ್ಯದರ್ಶಿ ಒಬ್ಬರೇ. ಮಂಗಳವಾರ, ಶುಕ್ರವಾರ ಬರುವ ಐದು ದಿನದ ಕೃಷಿ ಹವಾಮಾನ ವರದಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದೂ ಅವರ ಕೆಲಸವೇ ಆಗಿತ್ತು. ಹಾಕಿದ್ದನ್ನು ಓದುತ್ತಿದ್ದವರು ಬೆರಳೆಣಿಕೆ.

ಶುಕ್ರವಾರದ ಸಭೆ

ಅಕ್ಟೋಬರ್ 9, ಶುಕ್ರವಾರ. ಉತ್ತರ ಅಂಡಮಾನ್ ಸಮುದ್ರದಲ್ಲಿ ಕಡಿಮೆ ಒತ್ತಡದ ಪ್ರದೇಶ ಉಂಟಾಗಿತ್ತು. ಅದು ಬಲಗೊಂಡು ಆಂಧ್ರ ಕರಾವಳಿಯತ್ತ ಬರುವ ಸಾಧ್ಯತೆಯ ಮಾತು ಬರತೊಡಗಿತ್ತು. ಕಾರ್ಯದರ್ಶಿ ಅಂದು ಸಂಜೆಯೇ ಗುಡಿಯ ಕಟ್ಟೆಗೆ ಜನ ಸೇರಿಸಿದರು. ಬಂದವರು ಇಪ್ಪತ್ತು ಇಪ್ಪತ್ತೈದು ಮಂದಿ.

ಮೊದಲು ಅವರು ಮಾಡಿದ ಒಂದು ಕೆಲಸ ನನಗೆ ಹಿಡಿಸಿತು. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಬೀಳುವ ಎರಡು ಬಗೆಯ ಮಳೆಯನ್ನು ಬಿಡಿಸಿ ಹೇಳಿದರು. ಒಂದು, ಮಧ್ಯಾಹ್ನದ ತನಕ ಸುಡುಬಿಸಿಲು, ನಾಲ್ಕು ಗಂಟೆಗೆ ಕರಿಮೋಡ, ಗುಡುಗು ಸಿಡಿಲು, ಒಂದು ತಾಸು ಹೊಡೆದು ಹೋಗುವ ಮಳೆ. ಇದು ಈ ಊರಿಗೆ ಬಿದ್ದು ಪಕ್ಕದ ಊರಿಗೆ ಬೀಳದಿರಬಹುದು. ವರದಿಯಲ್ಲಿ 'ಅಲ್ಲಲ್ಲಿ' ಎಂದಿರುತ್ತದೆ, ಅಂದರೆ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕರಲ್ಲಿ ಒಂದಕ್ಕೂ ಬೀಳದಿರಬಹುದು. ಇದಕ್ಕೆ ವಾರ ಮುಂಚೆ ಯಾರೂ ತಾರೀಖು ಕೊಡಲಾರರು, ಎರಡು ಮೂರು ತಾಸು ಮುಂಚೆ ಗೊತ್ತಾದರೆ ಅದೇ ಪುಣ್ಯ. ಇನ್ನೊಂದು, ಕೊಲ್ಲಿಯಿಂದ ಬರುವ ಕುಸಿತದ್ದು. ಅದು ದಿನಗಟ್ಟಲೆ ದಾರಿಯಲ್ಲಿ ಕಾಣುತ್ತಾ ಬರುತ್ತದೆ, ಬಂದರೆ ಇಡೀ ಜಿಲ್ಲೆಗೆ ಬರುತ್ತದೆ, ಒಂದು ಹಗಲು ಒಂದು ರಾತ್ರಿ ಬಿಡದೆ ಸುರಿಯುತ್ತದೆ. ಮೊದಲನೆಯದಕ್ಕೆ ಕೈಯಲ್ಲಿ ತಾಡಪತ್ರಿ (ಟಾರ್ಪಾಲಿನ್) ಹಿಡಿದಿರಬೇಕು. ಎರಡನೆಯದಕ್ಕೆ ತಾಡಪತ್ರಿ ಸಾಕಾಗುವುದಿಲ್ಲ, ಆದರೆ ನಾಲ್ಕು ದಿನದ ಬಿಡುವು ಸಿಗುತ್ತದೆ.

'ಇನ್ನ ದಸರಾ ಎಲ್ಲೋ ಅದ, ಈಗೇನು ಗಡಿಬಿಡಿ' ಎಂದ ಒಬ್ಬ ಹುಡುಗನಿಗೆ ಹಿರಿಯರೊಬ್ಬರು ಕೂತಲ್ಲಿಂದಲೇ ಹೇಳಿದರು: 'ಹಬ್ಬ ಮುಂದ ಹೋಗ್ಯಾದ, ಮಳಿ ಮುಂದ ಹೋಗಂಗಿಲ್ಲ ತಮ್ಮಾ. ನಾಳಿಗಿ ಚಿತ್ತಿ ಹತ್ತತದ.' ಮಳೆ ನಕ್ಷತ್ರಗಳ ಲೆಕ್ಕ ಸೂರ್ಯನದು. ಅಧಿಕ ಮಾಸ ಬಂದರೂ ಬಾರದಿದ್ದರೂ ಹಸ್ತ ಮುಗಿದು ಚಿತ್ತಿ ಕೂಡುವುದು ಅಕ್ಟೋಬರ್ 10ರ ಸುಮಾರಿಗೇ. ಹಬ್ಬ ಜರುಗುವುದು ಚಂದ್ರನ ಲೆಕ್ಕಕ್ಕೆ. ಒಂದೇ ಪಂಚಾಂಗದೊಳಗೆ ಎರಡು ಗಡಿಯಾರ ಇರುವುದನ್ನು ಆ ಹಿರಿಯರು ಒಂದು ಸಾಲಿನಲ್ಲಿ ಮುಗಿಸಿದರು. ನಕ್ಷತ್ರ ನೋಡಿ ಮಳೆ ಹೇಳಲಾಗುತ್ತದೆ ಎಂದು ನಾನು ಒಪ್ಪುವವನಲ್ಲ. ಆದರೆ ಹಂಗಾಮಿನ ಯಾವ ಹದಿನೈದು ದಿನದಲ್ಲಿ ಇದ್ದೇವೆ ಎಂದು ತಿಳಿಯಲು ಹಬ್ಬಕ್ಕಿಂತ ನಕ್ಷತ್ರ ಒಳ್ಳೆಯದು.

ಮುಂದೇನು ಎಂಬ ಪ್ರಶ್ನೆಗೆ ಮೊದಲು ಬಂದ ಉತ್ತರ ಎಲ್ಲರಿಗೂ ಸಹಜ ಅನ್ನಿಸಿತು: ನಾಳೆಯಿಂದಲೇ ಆಳು ಹಚ್ಚಿ ಎಲ್ಲಾ ಕೊಯ್ದು, ಬಣವಿ ಒಟ್ಟಿ, ತಾಡಪತ್ರಿ ಹೊದಿಸಿ, ಮಳೆ ಹೋದ ಮೇಲೆ ರಾಶಿ ಮಾಡುವುದು. ಹೆಚ್ಚುಕಡಿಮೆ ತೀರ್ಮಾನ ಆಗಿಯೇ ಹೋಗಿತ್ತು. ಆಗ ಮೂರು ಎಕರೆಯ ಒಬ್ಬ ಹೆಣ್ಣುಮಗಳು ಕೇಳಿದ ಪ್ರಶ್ನೆಯಿಂದ ಸಭೆ ತಿರುಗಿತು.

'ಬಣವಿ ಹಾಕೋದು ನಾವೇ ಹಾಕ್ತೀವಿ ಕಾಕಾ. ರಾಶಿ ಯಾವತ್ತಿಗಿ ಆಗ್ತದ, ಅದು ಹೇಳ್ರಿ ಮೊದಲ.'

ಯಾರಲ್ಲೂ ಉತ್ತರ ಇರಲಿಲ್ಲ. ಮಷೀನಿನ ಮಾಲೀಕರಿಬ್ಬರನ್ನೂ ಅಲ್ಲಿಗೇ ಕರೆಸಿದರು. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಶುರುವಾಯಿತು. ಪೂರ್ತಿ ಮಾಗಿದ ಸೋಯಾ ನೂರು ಎಕರೆ, ಎಕರೆಗೆ ಆರು ಕ್ವಿಂಟಲ್ ಹಿಡಿದರೆ ಆರು ನೂರು ಕ್ವಿಂಟಲ್. ಒಂದು ಮಷೀನ್ ತಾಸಿಗೆ ಏಳೆಂಟು ಕ್ವಿಂಟಲ್ ಹೊಡೆಯುತ್ತದೆ ಎಂದು ಮಾಲೀಕರು ಹೇಳಿದರು. ಎರಡು ಮಷೀನ್, ದಿನಕ್ಕೆ ಹನ್ನೆರಡು ತಾಸು, ಅಂದರೆ ಮೂರೂವರೆ ದಿನಕ್ಕೆ ಮುಗಿಯಬೇಕು. ಒಂದು ಕ್ಷಣ ಎಲ್ಲರ ಮುಖ ಅರಳಿತು. ಆಮೇಲೆ ಒಂದೊಂದೇ ಕಳೆಯುತ್ತಾ ಹೋದರು. ಬೆಳಿಗ್ಗೆ ಇಬ್ಬನಿ ಆರುವ ತನಕ, ಹತ್ತು ಹನ್ನೊಂದರವರೆಗೆ, ಕಟ್ಟು ಹಾಕುವಂತಿಲ್ಲ. ಹಸಿ ಕಡ್ಡಿ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗಿ, ಮಷೀನ್ ನಿಲ್ಲಿಸಿ ಚಾಲೂ ಮಾಡಲು ಮುಕ್ಕಾಲು ತಾಸು. ತುಂಡು ಹೊಲ ಹೆಚ್ಚಾದಷ್ಟೂ ಓಡಾಟ ಹೆಚ್ಚು. ಚೀಲ ಹಿಡಿಯುವವರು, ಕಟ್ಟು ಕೊಡುವವರು ಊಟಕ್ಕೆ ನಿಲ್ಲಬೇಕು. ಇದೆಲ್ಲ ಕಳೆದಾಗ ಉಳಿದದ್ದು ದಿನಕ್ಕೆ ಆರು ತಾಸು. ಆರು ನೂರು ಕ್ವಿಂಟಲ್‌ಗೆ ಏಳು ದಿನ ಬೇಕು. ಕೈಯಲ್ಲಿದ್ದದ್ದು ಶನಿವಾರ, ಭಾನುವಾರ, ಸೋಮವಾರ.

ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಚರ್ಚೆ ನಡೆದದ್ದು ಮಳೆ ಬರುತ್ತದೋ ಇಲ್ಲವೋ ಎಂಬುದರ ಮೇಲೆ. ಲೆಕ್ಕ ಹಾಕಿದ ಮೇಲೆ ಮುನ್ಸೂಚನೆ ನೂರಕ್ಕೆ ನೂರು ನಿಜವಾದರೂ ಅರ್ಧ ಬೆಳೆಯನ್ನು ಮಾತ್ರ ಚೀಲಕ್ಕೆ ಸೇರಿಸಬಹುದು ಎಂಬುದು ಎದುರಿಗೆ ಬಂತು. ಉಳಿದ ಅರ್ಧವನ್ನು ಮಳೆಯಲ್ಲಿ ಹೇಗೆ ಬಿಡುವುದು ಲೇಸು? ಕೊಯ್ದು ಬಿಡುವುದೋ, ನಿಂತಲ್ಲೇ ಬಿಡುವುದೋ?

ಕಾರ್ಯದರ್ಶಿಯ ಸಲಹೆ ಹೀಗಿತ್ತು: ಮೊದಲು ಈಗಾಗಲೇ ಕೊಯ್ದು ಬಿದ್ದದ್ದರ ರಾಶಿ ಆಗಲಿ. ಆಮೇಲೆ ಇಂದು ಕೊಯ್ದದ್ದು ನಾಳೆ ಸಂಜೆಯೊಳಗೆ ಚೀಲ ಸೇರುವಷ್ಟೇ ಕೊಯ್ಯೋಣ. ಭಾನುವಾರ ಮಧ್ಯಾಹ್ನಕ್ಕೆ ಕುಡುಗೋಲು ಕೆಳಗಿಡೋಣ. ಉಳಿದದ್ದು ನಿಂತಿರಲಿ. ನಿಂತ ಗಿಡದ ಕಾಯಿ ಮಳೆ ನಿಂತ ಮೇಲೆ ಗಾಳಿಗೆ ಒಣಗುತ್ತದೆ. ಕೆಲವು ಸಿಡಿಯುತ್ತವೆ, ಕೆಲವು ಮೊಳೆಯುತ್ತವೆ, ಆದರೆ ಪೂರ್ತಿ ಕೊಳೆಯುವುದಿಲ್ಲ. ಮರುಬಿತ್ತನೆಯ ಹಸಿ ಕಾಯಿಯನ್ನಂತೂ ಮುಟ್ಟುವುದೇ ಬೇಡ.

ಎಲ್ಲರೂ ಒಪ್ಪಲಿಲ್ಲ, ಒಪ್ಪದವರಿಗೂ ಕಾರಣವಿತ್ತು. ಸುಮಾರು ಹದಿಮೂರು ಹದಿನಾಲ್ಕು ಮನೆಯವರು ಗುತ್ತಿಗೆಯ ಮೇಲೆ ಕೊಯ್ಲಿನ ಗ್ಯಾಂಗ್ ಕರೆಸಿದ್ದರು, ಮುಂಗಡವೂ ಕೊಟ್ಟಾಗಿತ್ತು. ಶನಿವಾರ ಕೆಲಸ ಕೊಡದಿದ್ದರೆ ಗ್ಯಾಂಗ್ ಬೇರೆ ಊರಿಗೆ ಹೋಗುತ್ತದೆ, ಮತ್ತೆ ಸಿಗುವುದು ದಸರಾ ಮುಗಿದ ಮೇಲೆಯೇ. ಅಷ್ಟು ಹೊತ್ತಿಗೆ ಮಾಗಿದ ಕಾಯಿ ಸಿಡಿದು ಕಾಳು ನೆಲ ಸೇರಿರುತ್ತದೆ. 'ಬರೋ ಮಳಿ ಬರ್ತದೋ ಇಲ್ಲೋ, ಹೋಗೋ ಆಳು ಮಾತ್ರ ಹೋಗೇ ಹೋಗ್ತಾರ' ಎಂದ ಒಬ್ಬರ ಮಾತನ್ನು ತಳ್ಳಿಹಾಕುವುದು ಕಷ್ಟ. ಅವರು ಎಲ್ಲವನ್ನೂ ಕೊಯ್ಯಲು ನಿರ್ಧರಿಸಿದರು.

ಮೂರು ದಿನ

ಶನಿವಾರ, ಭಾನುವಾರ ಬಿಸಿಲು ಚೆನ್ನಾಗಿತ್ತು, ಇಷ್ಟಕ್ಕೆಲ್ಲ ಸಭೆ ಬೇಕಿತ್ತೇ ಎಂದು ನಗುವಷ್ಟು. ಭಾನುವಾರ ಕೊಲ್ಲಿಯಲ್ಲಿದ್ದದ್ದು ವಾಯುಭಾರ ಕುಸಿತವಾಯಿತು, ಸೋಮವಾರ ತೀವ್ರ ಕುಸಿತವಾಯಿತು. ಗಾಳಿ ಗಂಟೆಗೆ 50 ಕಿಲೋಮೀಟರ್ ಮುಟ್ಟಿದರೆ ಆ ಹೆಸರು, 62 ಮುಟ್ಟಿದರೆ ಚಂಡಮಾರುತ. ಹೆಸರಿಟ್ಟ ಚಂಡಮಾರುತ ಅಲ್ಲವಲ್ಲ ಎಂದು ಕೆಲವರು ಹಗುರವಾಗಿ ತೆಗೆದುಕೊಂಡರು. ಒಳನಾಡಿನವರಿಗೆ ಗಾಳಿಯ ವೇಗದಿಂದ ಆಗಬೇಕಾದದ್ದು ಅಷ್ಟಿಲ್ಲ, ಮಳೆಯೇ ಮುಖ್ಯ. ಹೆಸರಿಲ್ಲದ ಕುಸಿತವೂ ಹೆಸರಿನ ಚಂಡಮಾರುತದಷ್ಟೇ ನೀರು ಹೊತ್ತು ತರಬಲ್ಲದು. ಒಂದು ದಿನದ ಮಳೆ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಎಂದು ವರದಿಯ ಶಬ್ದಗಳಿಗೆಲ್ಲ ಒಂದೊಂದು ಅಳತೆ ಇದೆ. ಕಾರ್ಯದರ್ಶಿ ಇದನ್ನು ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸಿದ್ದರು. ದಿನಕ್ಕೆರಡು ಸಲ ರಾಜ್ಯದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ತಮ್ಮ ಪಂಚಾಯಿತಿಯ ಮಳೆ ಮುನ್ಸೂಚನೆ ಕೇಳುತ್ತಿದ್ದರು.

ಮಷೀನುಗಳು ರಾತ್ರಿ ದೀಪ ಹಚ್ಚಿಕೊಂಡು ಓಡಿದವು. ಸೋಮವಾರ ಸಂಜೆ ಪೂರ್ವದಲ್ಲಿ ಮಿಂಚು ಶುರುವಾದಾಗ ಒಂದು ಹೊಲದ ರಾಶಿ ಇನ್ನೂ ಅರ್ಧ ಉಳಿದಿತ್ತು. ಮುಗಿಸಿಯೇ ಹೋಗೋಣ ಎಂದು ಹೊಲದ ಯಜಮಾನ, ನಿಲ್ಲಿಸೋಣ ಎಂದು ಮಷೀನಿನವನು. ಬಯಲಲ್ಲಿ ಕಬ್ಬಿಣದ ಮಷೀನಿನ ಸುತ್ತ ಎಂಟು ಜನ ನಿಂತಿರುವಾಗ ಸಿಡಿಲಿನ ಮುಂದೆ ವಾದ ನಡೆಯುವುದಿಲ್ಲ. ಮಷೀನ್ ಬಂದ್ ಆಯಿತು. ಬೇವಿನ ಗಿಡದ ಕೆಳಗೆ ಓಡಿದ ಇಬ್ಬರನ್ನು ಬೈದು ಟ್ರ್ಯಾಲಿ ಬಿಟ್ಟು ಮನೆಗೆ ಕಳಿಸಿದರು.

ಅಷ್ಟು ಹೊತ್ತಿಗೆ ಚೀಲ ಸೇರಿದ್ದು ಮಾಗಿದ ಬೆಳೆಯ ಅರ್ಧಕ್ಕಿಂತ ತುಸು ಕಡಿಮೆ. ಶುಕ್ರವಾರದ ಲೆಕ್ಕ ಹೆಚ್ಚುಕಡಿಮೆ ಹಾಗೇ ಬಂದಿತ್ತು.

ಮಳೆ, ಬಣವಿ

13ರ ಬೆಳಿಗ್ಗೆ ಕಾಕಿನಾಡ ಬಳಿ ದಡ ದಾಟಿದ ಕುಸಿತ ತೆಲಂಗಾಣದ ಮೇಲೆ ಹಾದು ಕಲಬುರಗಿ ಬದಿಯಿಂದ ಮಹಾರಾಷ್ಟ್ರಕ್ಕೆ ಹೋಯಿತು. ಊರಿನಲ್ಲಿ ಮಂಗಳವಾರ ಹಗಲು ಬರೀ ಜಿಟಿಜಿಟಿ. ರಾತ್ರಿಯಿಂದ ಹಿಡಿದದ್ದು ಬುಧವಾರ ಪೂರ್ತಿ ಬಿಡಲಿಲ್ಲ. ಗುಡುಗಿಲ್ಲ, ಸಿಡಿಲಿಲ್ಲ, ಒಂದೇ ಸಮನೆ.

ಶುಕ್ರವಾರ, ಅಮಾವಾಸ್ಯೆಯ ದಿನ, ಬಣವಿಗಳನ್ನು ಬಿಚ್ಚಿದರು. ಎರೆ ಹೊಲದ ನಡುವೆ, ಸಮತಟ್ಟು ಜಾಗದಲ್ಲಿ ಒಟ್ಟಿದ್ದ ಒಂದು ದೊಡ್ಡ ಬಣವಿಯ ಬಳಿ ನಾನಿದ್ದೆ. ಮೇಲೆ ಹೊಸ ತಾಡಪತ್ರಿ, ಸುತ್ತ ಹಗ್ಗ, ಕಲ್ಲು, ಎಲ್ಲ ಅಚ್ಚುಕಟ್ಟು. ತಾಡಪತ್ರಿ ಎತ್ತಿದಾಗ ಮೇಲಿನ ಒಂದು ಮೊಳ ಒಣಗಿಯೇ ಇತ್ತು. ಯಜಮಾನ ಉಸಿರು ಬಿಟ್ಟರು. ಆಮೇಲೆ ಅವರ ಮಗ ಬಗಲಲ್ಲಿ ಕೈ ತೂರಿಸಿ ತಟ್ಟನೆ ಹೊರಗೆಳೆದ: 'ಅಪ್ಪಾ, ಒಳಗ ಬಿಸಿ ಅದ.' ಕೆಳಗಿನ ಕಟ್ಟು ಎಳೆದಾಗ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಕಾಯಿ ಕಪ್ಪಿಟ್ಟು ಮೆತ್ತಗಾಗಿದ್ದವು. ಹಿಸುಕಿದರೆ ಕಾಳು ಉಬ್ಬಿ ಸಿಪ್ಪೆ ಬಿಡುತ್ತಿತ್ತು, ಕೆಲವು ಕಾಯಿಗಳ ಹೊಲಿಗೆ ಸೀಳಿ ಬಿಳಿ ಬೇರು ಹೊರಬಂದಿತ್ತು. ನೀರು ಮೇಲಿನಿಂದ ಬಂದಿರಲಿಲ್ಲ, ನೆಲದಿಂದ ಏರಿತ್ತು. ಎರೆ ನೀರು ಕುಡಿದು ಉಬ್ಬಿ, ಬಣವಿಯ ಬುಡದಲ್ಲಿ ಎರಡು ದಿನ ಹಾಗೇ ನಿಂತಿತ್ತು. ಮೇಲಿನ ತಾಡಪತ್ರಿ ಒಳಗಿನ ಆವಿಯನ್ನೂ ಹೊರಗೆ ಬಿಡಲಿಲ್ಲ.

ಎಲ್ಲ ಬಣವಿಗೂ ಹೀಗಾಗಲಿಲ್ಲ. ಮಸಾರಿ ಇಳಿಜಾರಿನಲ್ಲಿ, ಬದುವಿನ ಮೇಲೆ, ಕೆಳಗೆ ತೊಗರಿ ಕಟ್ಟಿಗೆ ಹಾಸಿ ಸಣ್ಣ ಸಣ್ಣದಾಗಿ ಒಟ್ಟಿದವರದು ಬಹುಪಾಲು ಉಳಿಯಿತು. ಮೊದಲು ಪ್ರಶ್ನೆ ಕೇಳಿದ ಹೆಣ್ಣುಮಗಳು ಉಳಿದ ಒಂದು ಎಕರೆಯದನ್ನು ಐದು ಗುಡ್ಡೆ ಮಾಡಿ ಕಟ್ಟಿಗೆಯ ಮೇಲೆ ಏರಿಸಿದ್ದರು, ಬುಡದ ಎರಡು ಬದಿ ಗಾಳಿಗೆ ತೆರೆದು ಬಿಟ್ಟಿದ್ದರು. ಅಲ್ಲಿ ಹಾನಿ ಅಂಚಿನದು ಮಾತ್ರ.

ನಿಂತ ಬೆಳೆಯ ಕತೆ ನಡುವಿನದು. ಪೂರ್ತಿ ಮಾಗಿ ನಿಂತಿದ್ದರಲ್ಲಿ ಕಾಳಿನ ಬಣ್ಣ ಹೋಯಿತು, ಸಿಡಿದ ಕಾಯಿಯಿಂದ ಒಂದಷ್ಟು ನೆಲ ಸೇರಿತು. ಕೊಯ್ದು ರಾಶಿ ಮಾಡಲು ಮತ್ತೆ ವಾರ ಕಾಯಬೇಕಾಯಿತು. ಆದರೆ ಮಾರಲು ಬರುವಂಥ ಮಾಲು ಸಿಕ್ಕಿತು. ಮರುಬಿತ್ತನೆಯ ಹಸಿ ಕಾಯಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಜೂನ್‌ನಲ್ಲಿ ಬೀಜ ಕೈಕೊಟ್ಟಿದ್ದಕ್ಕೆ ಅತ್ತವರು ಅಕ್ಟೋಬರ್‌ನಲ್ಲಿ ಊರಿಗಿಂತ ಒಳ್ಳೆಯ ರಾಶಿ ಮಾಡಿದರು. ಹಳ್ಳದ ದಂಡೆಯ ಹೊಲಗಳು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅಲ್ಲಿ ಬೆಳೆ ನಿಂತಿದ್ದರೂ ಹೋಯಿತು, ಕೊಯ್ದಿದ್ದರೂ ಹೋಯಿತು.

ವಿಮೆ, ಗಂಜು, ಬೀಜ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಿನ ನಂತರದ ನಷ್ಟಕ್ಕೂ ಜಾಗವಿದೆ. ಕೊಯ್ದು ಹೊಲದಲ್ಲೇ ಹರಡಿದ ಅಥವಾ ಸಣ್ಣ ಕಟ್ಟು ಕಟ್ಟಿ ಒಣಗಲು ಬಿಟ್ಟ ಬೆಳೆಗೆ, ಕೊಯ್ದ 14 ದಿನದೊಳಗೆ ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಯಿಂದ ಹಾನಿಯಾದರೆ, 72 ಗಂಟೆಯೊಳಗೆ ತಿಳಿಸಬೇಕು. ಗುಂಪಿನಲ್ಲಿ ಮುಂಗಾರಿಗೆ ಶೇ 2ರ ಕಂತು ತುಂಬಿದವರು ಅನೇಕರು, ಈ ಷರತ್ತು ಗೊತ್ತಿದ್ದವರು ಇಬ್ಬರೋ ಮೂವರೋ. 72 ಗಂಟೆಯಲ್ಲಿ ಮೊದಲ 48 ಗಂಟೆ ಮಳೆ ನಿಲ್ಲಲಿ, ನೋಡೋಣ ಎಂಬುದರಲ್ಲೇ ಹೋಯಿತು. ದೊಡ್ಡ ಬಣವಿ ಒಟ್ಟಿದವರಿಗೆ ಇನ್ನೊಂದು ತೊಡಕು: ಒಟ್ಟಿದ ಬಣವಿ ಹರಡಿದ ಬೆಳೆ ಅಲ್ಲ ಎಂಬ ತಕರಾರು ಎದ್ದಿತು. ತಾಸಿನ ಲೆಕ್ಕದಲ್ಲಿ ತಿಳಿಸಿದ, ತಾರೀಖು ಬರುವಂತೆ ಫೋಟೋ ತೆಗೆದಿಟ್ಟ ಕೆಲವರಿಗೆ ಮಾತ್ರ ಮುಂದೆ ಹಣ ಬಂತು.

ಗಂಜಿನಲ್ಲಿ ಬಣ್ಣ ಹೋದ ಮಾಲಿಗೆ ದರ ಮುರಿದರು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 3,880 ರೂಪಾಯಿ, ತೇವಾಂಶ ಶೇ 12ರ ಒಳಗಿರಬೇಕು. ಮಳೆ ಕುಡಿದ ಮಾಲು ಎರಡು ಬಿಸಿಲು ಕಂಡರೂ ಆ ಅಳತೆಗೆ ಸುಲಭಕ್ಕೆ ಇಳಿಯಲಿಲ್ಲ. ದೊಡ್ಡ ವ್ಯತ್ಯಾಸ ಕಂಡದ್ದು ಮರುವರ್ಷ. 2021ರಲ್ಲಿ ಸೋಯಾ ದರ ಏರುತ್ತಾ ಹೋಗಿ ಬಿತ್ತನೆ ಬೀಜಕ್ಕೆ ಹಾಹಾಕಾರ ಎದ್ದಾಗ, ಮಳೆಗೆ ಮುಂಚೆ ಚೀಲ ಸೇರಿದ್ದ ಕಾಳನ್ನು ಬೀಜಕ್ಕೆಂದು ಇಟ್ಟುಕೊಂಡವರು ಗೆದ್ದರು. ಸೋಯಾ ಕಾಳಿನ ಸಿಪ್ಪೆ ತೆಳು. ಒಮ್ಮೆ ನೆನೆದು ಒಣಗಿದರೆ ನೋಡಲು ಚೆನ್ನಾಗಿದ್ದರೂ ಮೊಳಕೆ ಶೇ 70ರ ಗೆರೆ ಮುಟ್ಟುವುದು ಕಷ್ಟ. ಗೋಣಿತಾಟಿನಲ್ಲಿ ನೂರು ಕಾಳು ಸುತ್ತಿ ಮೊಳಕೆ ನೋಡಿದಾಗ ಇದು ಮನೆಮನೆಯಲ್ಲೂ ಕಂಡಿತು.

ಥಂಡಿಯ ಮಾತು

ಮಳೆ ಹೋದ ಮೇಲೆ ಪ್ರಶ್ನೆ ಕಡಲೆಯದ್ದು. ಎರೆಯಲ್ಲಿ ಹದ ಇನ್ನೂ ಬಂದಿರಲಿಲ್ಲ, ಕೂರಿಗೆ ಹಾಕಿದರೆ ಮಣ್ಣು ಹೆಂಟೆ ಹೆಂಟೆಯಾಗಿ ಏಳುತ್ತಿತ್ತು. ಆ ಹೊತ್ತಿಗೆ ಹುಡುಗರ ಫೋನಿಗೆ ಒಂದು ಹಿಂದಿ ವಿಡಿಯೊ ಬಂತು. ಉತ್ತರದಿಂದ ಕೋಲ್ಡ್ ಫ್ರಂಟ್ ಹೊರಟಿದೆ, ವಾರದೊಳಗೆ ದಖನ್‌ಗೆ ಅಪ್ಪಳಿಸುತ್ತದೆ ಎಂದು ನಕಾಶೆಯ ಮೇಲೆ ನೀಲಿ ಗೆರೆ ಎಳೆದು ತೋರಿಸಿದ್ದರು. ಥಂಡಿ ಬಡಿಯುವ ಮುಂಚೆ ಬಿತ್ತಬೇಕು ಎಂದು ಕೆಲವರು ಹಸಿ ಹೊಲಕ್ಕೇ ಕೂರಿಗೆ ಇಳಿಸಲು ಹೊರಟರು.

ನೀಲಿ ಗೆರೆಯ ಫ್ರಂಟ್ ಸಮಶೀತೋಷ್ಣ ವಲಯದ ಸಂಗತಿ. ಬೆಚ್ಚನೆ ಗಾಳಿಯ ಕೆಳಗೆ ತಣ್ಣನೆ ಗಾಳಿ ತೂರಿ, ಆ ಗಡಿಯುದ್ದಕ್ಕೂ ಮಳೆ ಗಾಳಿ ಏಳುತ್ತದೆ. ಪಶ್ಚಿಮದಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು ಕಾಶ್ಮೀರ, ಹಿಮಾಚಲಕ್ಕೆ ಹಿಮ ಸುರಿಸಿ, ಪಂಜಾಬ್ ಕಡೆ ಮಳೆ ಕೊಟ್ಟು ಪೂರ್ವಕ್ಕೆ ಸಾಗುತ್ತವೆ. ಅವು ಹೋದ ಮೇಲೆ ಉತ್ತರದ ಒಣ ಗಾಳಿ ಕೆಳಗೆ ಇಳಿಯುತ್ತದೆ. ವಿಂಧ್ಯ, ಸಾತ್ಪುರ ದಾಟಿ ಬೀದರ್‌ಗೆ ಬರುವ ಹೊತ್ತಿಗೆ ಅದರಲ್ಲಿ ಗಡಿಯೂ ಇಲ್ಲ, ಗುಡುಗೂ ಇಲ್ಲ; ಉಳಿಯುವುದು ಒಣಗಾಳಿ ಮತ್ತು ತಿಳಿ ಆಕಾಶ. ನಮ್ಮ ಥಂಡಿ ಆ ತಿಳಿ ಆಕಾಶದ್ದು. ಹಗಲಿನ ಕಾವು ರಾತ್ರಿ ತಡೆಯಿಲ್ಲದೆ ಮೇಲೆ ಹೋಗಿ ನಸುಕಿಗೆ ನೆಲ ತಣ್ಣಗಾಗುತ್ತದೆ. ಪ್ರಸ್ಥಭೂಮಿಯ ಎತ್ತರದಲ್ಲಿರುವ ಬೀದರ್‌ನಲ್ಲಿ ಕಲಬುರಗಿ, ಯಾದಗಿರಿಗಿಂತ ಅದು ಜಾಸ್ತಿ. ಕೊಲ್ಲಿಯಿಂದ ಮೋಡ ಬಂದರೆ ಅದೇ ರಾತ್ರಿ ಸೆಕೆ. ಹಾಗಾಗಿ ಇಲ್ಲಿ ಥಂಡಿ ಒಂದು ದಿನ ಬಡಿಯುವುದಿಲ್ಲ, ಮೋಡ ಸರಿದಂತೆ ಏರುತ್ತದೆ, ಮೋಡ ಕವಿದಂತೆ ಇಳಿಯುತ್ತದೆ. ಶೀತಗಾಳಿ ಎಂದು ಇಲಾಖೆ ಬಯಲು ಸೀಮೆಗೆ ಹೇಳಬೇಕಾದರೆ ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿದಿರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಅಕ್ಟೋಬರ್ ಕೊನೆಗೆ ಅದರ ಮಾತೇ ಇಲ್ಲ.

ಕಡಲೆಗೆ ಥಂಡಿ ಶತ್ರುವೂ ಅಲ್ಲ. ಬಿಸಿ, ಹಸಿ ನೆಲದಲ್ಲಿ ಬಿದ್ದ ಬೀಜಕ್ಕೇ ಸೊರಗು ರೋಗ, ಬುಡ ಕೊಳೆ ಹೆಚ್ಚು. ಹೆಚ್ಚಿನವರು ಹದಕ್ಕೆ ಕಾದು, ಬೀಜಕ್ಕೆ ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾ ಹಚ್ಚಿ ತಿಂಗಳ ಕೊನೆಗೆ, ನವೆಂಬರ್ ಮೊದಲ ವಾರ ಬಿತ್ತಿದರು. ವಿಡಿಯೊ ನಂಬಿ ಮೊದಲೇ ಬಿತ್ತಿದ ಮೂರು ನಾಲ್ಕು ಹೊಲಗಳಲ್ಲಿ ಸಾಲು ಸಾಲು ಖಾಲಿ ಬಿದ್ದವು. ನವೆಂಬರ್ 25ರ ರಾತ್ರಿ ಪುದುಚೇರಿ ಬಳಿ ನಿವಾರ್ ಚಂಡಮಾರುತ ದಡ ಸೇರುವ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಗದ್ದಲ ಎದ್ದಿತ್ತು. ಈ ಸಲ ಕಾರ್ಯದರ್ಶಿ ಎರಡೇ ಸಾಲು ಹಾಕಿದರು: ದಾರಿ ದಕ್ಷಿಣದ್ದು, ನಮಗೆ ಮೋಡ, ತೊಗರಿ ಕಾಯಿಕೊರಕ ನೋಡಿಕೊಳ್ಳಿ.

ಮುಂದಿನ ವರ್ಷ

2021ರ ಆಗಸ್ಟ್‌ನಲ್ಲೇ ಗುಂಪು ಒಂದು ಪಟ್ಟಿ ಮಾಡಿತು. ಯಾರ ಹೊಲ ಎಷ್ಟು, ಬಿತ್ತಿದ ತಾರೀಖು, ಮಣ್ಣು ಎರೆಯೋ ಮಸಾರಿಯೋ, ಮಷೀನ್ ಹೋಗಲು ದಾರಿ ಇದೆಯೋ ಇಲ್ಲವೋ. ಕೊಲ್ಲಿಯಲ್ಲಿ ಏನಾದರೂ ಎದ್ದ ಸುದ್ದಿ ಬಂದ ದಿನ ಕೈಯಲ್ಲಿರುವ ದಿನಗಳನ್ನು ಮಷೀನಿನ ತಾಸಿಗೆ ಇಳಿಸಿ, ಆ ತಾಸಿಗೆ ಎಷ್ಟು ಎಕರೆ ಎಂದು ಪಟ್ಟಿಯಲ್ಲಿ ಗೆರೆ ಎಳೆಯುವುದು. ಗೆರೆಯ ಕೆಳಗಿನ ಹೊಲಕ್ಕೆ ಕುಡುಗೋಲು ಇಲ್ಲ. ಸರದಿ ಯಾರದು ಮೊದಲು ಎಂಬುದಕ್ಕೆ ಜಗಳವೇ ಆಯಿತು. ಹೆಚ್ಚು ಎಕರೆಯವರಿಗೆ ಮೊದಲು ಎಂದರೆ ಸಣ್ಣವರಿಗೆ ಏನೂ ಉಳಿಯುವುದಿಲ್ಲ. ತುಂಡು ಹೊಲ ಮೊದಲು ಎಂದರೆ ಮಷೀನಿನ ಓಡಾಟದಲ್ಲೇ ದಿನ ಹೋಗುತ್ತದೆ. ಕೊನೆಗೆ ಅಕ್ಕಪಕ್ಕದ ತುಂಡುಗಳನ್ನು ಸೇರಿಸಿ ಒಂದು ಹೊಲವೆಂದು ಹಿಡಿದು, ನೀರು ನಿಲ್ಲುವ ಎರೆಗೆ ಮೊದಲ ಸರದಿ ಕೊಟ್ಟರು. ಮಷೀನಿನ ಮಾಲೀಕರೊಬ್ಬರು ನನ್ನ ಮಷೀನಿಗೆ ನನ್ನ ಹೊಲ ಕೊನೆಗಾ ಎಂದು ಎದ್ದು ಹೋದರು. ಮೊದಲ ದಿನದ ಮೊದಲ ಎರಡು ತಾಸು ಅವರಿಗೆ ಎಂದು ಬರೆದುಕೊಟ್ಟ ಮೇಲೆ ಬಂದು ಕೂತರು.

ಗ್ಯಾಂಗಿನ ಜೊತೆಗೂ ಮಾತು ಬದಲಾಯಿತು: ಮಳೆಯ ಮುನ್ಸೂಚನೆಗೆ ಕೊಯ್ಲು ನಿಲ್ಲಿಸಿದರೆ ಅಷ್ಟು ದಿನದ ಅರ್ಧ ಕೂಲಿ. 'ಹೋಗೋ ಆಳು ಹೋಗೇ ಹೋಗ್ತಾರ' ಎಂದವರೇ ಇದನ್ನು ಸೂಚಿಸಿದ್ದು.

ಆ ವರ್ಷ ಕೊಲ್ಲಿ ಅಕ್ಟೋಬರ್‌ವರೆಗೆ ಕಾಯಲಿಲ್ಲ. ಸೆಪ್ಟೆಂಬರ್ 26ಕ್ಕೆ ಗುಲಾಬ್ ಚಂಡಮಾರುತ ಕಳಿಂಗಪಟ್ಟಣದ ಬಳಿ ದಡ ಸೇರಿ, ಅದರ ಉಳಿಕೆ ತೆಲಂಗಾಣ, ಮರಾಠವಾಡದ ಮೇಲೆ ಹಾದು ಹೋಯಿತು. ಮಾಂಜ್ರಾ ನದಿ ತುಂಬಿ ಹರಿಯಿತು. ಪಟ್ಟಿಯಲ್ಲಿ ಗೆರೆ ಎಳೆದಾಗ ಮಾಗಿದ ಹೊಲ ಹತ್ತು ಎಕರೆಯೂ ಇರಲಿಲ್ಲ, ಅಷ್ಟರದು ರಾಶಿ ಆಯಿತು, ಉಳಿದದ್ದನ್ನು ಯಾರೂ ಮುಟ್ಟಲಿಲ್ಲ. ಎತ್ತರದ ಹೊಲಗಳು ಪಾರಾದವು. ಹಳ್ಳದ ದಂಡೆಯದು ಎರಡನೇ ವರ್ಷವೂ ಹೋಯಿತು. ಆ ಹೊಲಗಳನ್ನು ಏನು ಮಾಡಬೇಕು ಎಂಬುದರಲ್ಲಿ ಗುಂಪಿಗೆ ಇನ್ನೂ ಒಮ್ಮತವಿಲ್ಲ. ಇಬ್ಬರು ಕಬ್ಬಿಗೆ ತಿರುಗಿದರು, ಒಬ್ಬರು ಮುಂಗಾರು ಖಾಲಿ ಬಿಟ್ಟು ಹಿಂಗಾರಿಗೆ ಬಿಳಿಜೋಳ ಹಾಕುತ್ತಿದ್ದಾರೆ, ಉಳಿದವರು ಸೋಯಾವನ್ನೇ ಬಿತ್ತುತ್ತಿದ್ದಾರೆ.